ಷಡ್ಡಕನ ಕ್ಯಾಮೆರಾ, ನನ್ನ ಜೀನ್ಸ್ ಬೆಲ್ಟು

ದೊಡ್ಡವರನ್ನು ಕಂಡು ಹೊಟ್ಟೆಕಿಚ್ಚು ಪಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ನಮ್ಮ ರಾಯದುರ್ಗದಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿದವರಿದ್ದಾರೆ, ಬಿಳಿ ಕಾರಿನಲ್ಲಿ ತಿರುಗುವವರಿದ್ದಾರೆ. ಅವರು ಎದುರಾದರೆ ನಮಸ್ಕಾರ ಹೇಳಿ ಪಕ್ಕಕ್ಕೆ ಸರಿಯುತ್ತೇನೆ. ನನ್ನ ಹೊಟ್ಟೆ ತಣ್ಣಗೇ ಇರುತ್ತದೆ. ಹೊಟ್ಟೆಕಿಚ್ಚೂ ಪ್ಯಾಂಟಿನ ಹಾಗೆಯೇ, ನಮ್ಮ ಅಳತೆಗೆ ಹೊಂದಬೇಕು. ಹೆಚ್ಚುಕಡಿಮೆ ನಮ್ಮದೇ ವಯಸ್ಸು, ನಮ್ಮದೇ ವರಮಾನ, ಮೇಲಾಗಿ ನಮ್ಮದೇ ಮಾವನ ಮನೆ. ಇವೆಲ್ಲ ಕೂಡಿಬಂದ ಮನುಷ್ಯನ ಮೇಲಾದರೆ ಅದು ಸರಿಯಾಗಿ ಕೂರುತ್ತದೆ. ಅಂಥ ಮನುಷ್ಯ ಜಗತ್ತಿನಲ್ಲಿ ಒಬ್ಬನೇ ಇರುತ್ತಾನೆ, ಅವನೇ ಷಡ್ಡಕ. ನನ್ನ ಹೆಂಡತಿ ಸರೋಜಳ ತಂಗಿಯ ಗಂಡ ನಾಗಭೂಷಣ ನನ್ನ ಷಡ್ಡಕ.

ನಾನು ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಘಟಕದಲ್ಲಿ ಕಟಿಂಗ್ ಮಾಸ್ಟರ್. ಮೊದಲು ಕೆಲವು ವರ್ಷ ಬೆಳಗಿನ ಬಸ್ಸು ಹಿಡಿದು ಡಿ. ಹಿರೇಹಾಳ್ ದಾಟಿ ಬಳ್ಳಾರಿಗೆ ಹೋಗಿ ಬರುತ್ತಿದ್ದೆ. ಆಮೇಲೆ ನಮ್ಮೂರಲ್ಲೇ ಗಲ್ಲಿಗೊಂದು ಘಟಕ ಹುಟ್ಟಿಕೊಂಡಿತು, ಇಲ್ಲೇ ನಿಂತೆ. ಅತ್ತ ನಾಗಭೂಷಣ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಆರು ವರ್ಷ ಸೂಪರ್‌ವೈಸರ್ ಆಗಿದ್ದು, ಸಾಕೆಂದು ವಾಪಸ್ ಬಂದು, ಮಡಕಶಿರಾ ಹತ್ತಿರ ಗುಡಿಬಂಡೆ ಪಕ್ಕದ ನಮ್ಮ ಮಾವನ ಊರಿನಲ್ಲೇ ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆಹುಳು ಸಾಕುತ್ತಿದ್ದಾನೆ. ಸಾಕಲಿ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ದಿನ ಅವನು ಬೆಂಕಿಪೊಟ್ಟಣದಷ್ಟಿರುವ ಒಂದು ಕ್ಯಾಮೆರಾವನ್ನು ಎದೆಗೆ ಕಟ್ಟಿಕೊಂಡು, ಸೈಕಲ್ ಹತ್ತಿ, ಹೊಲದ ದಾರಿಯಲ್ಲಿ ತಿರುಗಿ, ಅದರ ವಿಡಿಯೊವನ್ನು ನಮ್ಮೆಲ್ಲರ ಮೊಬೈಲಿಗೂ ಬರುವಂತೆ ಹಾಕಿಬಿಟ್ಟ.

ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಸೀಯಲು ಶುರುವಾಯಿತು. ಸರೋಜ ಒಲೆಯ ಪಕ್ಕದ ಡಬ್ಬಿಗೆ ಮೊಬೈಲು ಒರಗಿಸಿ, ಕೈಯಲ್ಲಿ ರೊಟ್ಟಿ ಬಡಿಯುತ್ತ, ಕಣ್ಣಲ್ಲಿ ನಾಗಭೂಷಣನ ಸೈಕಲ್ಲನ್ನು ಹಿಂಬಾಲಿಸುತ್ತಾಳೆ. "ನೋಡ್ರಿ, ನೋಡ್ರಿ, ಎಷ್ಟು ಚೆನ್ನಾಗ್ ಬಂದದೆ!" ಎನ್ನುತ್ತಾಳೆ. ಒಂದೇ ಜಾಗವನ್ನು ಎರಡೆರಡು ಸಲ ಹಿಂದೆ ಎಳೆದು, ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾಳೆ. ಆಗ ಅವಳ ಮುಖ ಅರಳುವುದನ್ನು ನಾನು ನೋಡಿದ್ದೇನೆ. ನಮ್ಮ ಮದುವೆಯಾಗಿ ಹದಿನೆಂಟು ವರ್ಷ. ಇಷ್ಟು ವರ್ಷದಲ್ಲಿ ನಾನು ಎಷ್ಟು ಸಾವಿರ ಪ್ಯಾಂಟು ಕತ್ತರಿಸಿದೆನೋ ದೇವರಿಗೇ ಗೊತ್ತು. ಒಂದೇ ಒಂದನ್ನು ನೋಡಿ ಆಕೆ "ಚೆನ್ನಾಗಿದೆ" ಅಂದಿದ್ದರೆ ಕೇಳಿ. ಹಿತ್ತಲ ಗಿಡ ಮದ್ದಲ್ಲ. ಮೈಯೆಲ್ಲ ಉರಿದುಹೋಯಿತು. ನಾನೂ ಒಂದು ಕ್ಯಾಮೆರಾ ತರಿಸಿದೆ.

ನಾನು ತರಿಸಿದ್ದು ಆ ಜಾತಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಡಬ್ಬಿಯ ಮೇಲೆ ಒಬ್ಬ ಮನುಷ್ಯ ಸಮುದ್ರದೊಳಗೆ ಮೀನಿನ ಜೊತೆ ಈಜುವ ಚಿತ್ರವಿತ್ತು. ನೀರಿನ ಅಡಿಯಲ್ಲೂ ಕೆಲಸ ಮಾಡುತ್ತದಂತೆ! ರಾಯದುರ್ಗದಲ್ಲಿ ನಾನು ಮುಳುಗುವಷ್ಟು ನೀರನ್ನು ಎಲ್ಲಿಂದ ತರಲಿ? ಆದರೂ ಕೊಟ್ಟದ್ದನ್ನು ಬಿಡಬಾರದೆಂದು ಜೊತೆಗೆ ಬಂದಿದ್ದ, ನೀರು ಹೋಗದ ಪ್ಲಾಸ್ಟಿಕ್ ಚಿಪ್ಪಿನೊಳಗೇ ಕ್ಯಾಮೆರಾ ಇಟ್ಟು, ಎದೆಗೆ ಬಿಗಿದು, ಮರುದಿನ ಬೆಳಿಗ್ಗೆ ಓಡಲು ಹೊರಟೆ.

ನಮ್ಮೂರಲ್ಲಿ ನಲವತ್ತು ದಾಟಿದವನು ಸುಮ್ಮನೆ ಓಡುವಂತಿಲ್ಲ. ಓಡಿದರೆ ಬಸ್ಸು ತಪ್ಪಿರಬೇಕು, ಇಲ್ಲವೇ ಯಾರಿಗೋ ಏನೋ ಆಗಿರಬೇಕು. ಮೊದಲ ತಿರುವಿನಲ್ಲೇ ಟೀ ಅಂಗಡಿಯವನು "ಏಮೈಂದಿ ಮಾಸ್ಟರೂ?" ಎಂದು ತೆಲುಗಿನಲ್ಲಿ ಕೂಗಿದ. ಏನೂ ಆಗಿಲ್ಲವೆಂದು ಕೈ ಆಡಿಸಿದೆ. ಅದನ್ನು ಅವನು 'ಆಗಬಾರದ್ದು ಆಗಿದೆ' ಎಂದು ತಿಳಿದನೋ ಏನೋ, ಅಂಗಡಿ ಬಿಟ್ಟು ಹೊರಗೆ ಬಂದು ನಿಂತ. ಊರು ದಾಟುವಷ್ಟರಲ್ಲಿ ಹಿಂದಿನಿಂದ ಒಂದು ಮೊಪೆಡ್ ಬಂದು ಪಕ್ಕದಲ್ಲಿ ನಿಧಾನವಾಯಿತು. ಓಡಿಸುತ್ತಿದ್ದವನು ಒಬ್ಬ ಕುರಿಗಾರ ಅಜ್ಜ. ಕಂಬಳಿ ಹೊದ್ದಿದ್ದ, ಕಾಲ ನಡುವೆ ಒಂದು ಕುರಿಮರಿ ಕೂರಿಸಿಕೊಂಡಿದ್ದ.

"ಯಾಕ್ರಿ ಯಪ್ಪಾ, ಹಿಂಗ್ಯಾಕ ಓಡಾಕ ಹತ್ತೀರಿ? ಮನ್ಯಾಗ ಎಲ್ಲಾ ಆರಾಮ ಅದಾರಿಲ್ರಿ?"

"ಎಲ್ಲಾ ಆರಾಮ್ರಿ ಯಜಮಾನ್ರ. ಸುಮ್ನ ಓಡಾಕ ಹತ್ತೀನಿ."

"ಸುಮ್ನ ಯಾರ್ ಓಡ್ತಾರ್ರಿ? ಬರ್ರಿ, ಕೂಡ್ರಿ, ಬಿಡ್ತೀನಿ."

"ಬ್ಯಾಡ್ರಿ."

ಅಜ್ಜ ಮೊಪೆಡ್ ನಿಲ್ಲಿಸಿಯೇ ಬಿಟ್ಟ. ಅವನ ಮುಖ ಸಣ್ಣದಾಗಿತ್ತು. "ಯಾಕ್ರಿ, ನಮ್ಮ ಗಾಡಿ ಮ್ಯಾಲ ಕೂಡಲಾರದಷ್ಟು ದೊಡ್ಡೋರಾದ್ರೇನ್ರಿ?" ಎಂದ. ನಮ್ಮ ಕಡೆ ಈ ಮಾತು ಬಂದಮೇಲೆ ಮುಗಿಯಿತು. ಕೂರದಿದ್ದರೆ ಏಳು ತಲೆಮಾರಿನ ಮರ್ಯಾದೆ ಹೋಗುತ್ತದೆ. ಕೂತೆ. ಒಂದೇ ಕಡೆ ಕಾಲು ಇಳಿಬಿಟ್ಟು ಕೂತ ನನ್ನ ತೊಡೆಗೆ ಅಜ್ಜ ಕುರಿಮರಿಯನ್ನು ದಾಟಿಸಿ ಹೊರಟ. ಎಲ್ಲಿಗೆ ಹೋಗಬೇಕೆಂದು ನನಗೂ ಗೊತ್ತಿರಲಿಲ್ಲ, ಅವನೂ ಕೇಳಲಿಲ್ಲ. ಅವನ ಹಟ್ಟಿಯ ತನಕ ಹೋಗಿ, ಅಲ್ಲಿ ಟೀ ಕುಡಿದು, ಆಟೊ ಹಿಡಿದು ಮನೆಗೆ ಬಂದೆ.

ವಿಡಿಯೊವನ್ನು ಸರೋಜಳಿಗೆ ತೋರಿಸಿದೆ. ಮೊದಮೊದಲು ರಸ್ತೆ ಮೇಲೆ ಕೆಳಗೆ ಕುಣಿಯಿತು. ಆಮೇಲೆ ನಾನು ಇದ್ದಕ್ಕಿದ್ದಂತೆ ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿದೆ. ಚಿತ್ರದ ಕೆಳಗಡೆ ಎರಡು ಉದ್ದನೆಯ ಕಿವಿಗಳು ಅಲ್ಲಾಡತೊಡಗಿದವು. "ಇದೇನ್ರಿ, ಓಡಿ ಓಡಿ ನಿಮಗೆ ಕಿವಿ ಬೆಳೆದವಾ?" ಎಂದಳು. ಆಮೇಲೆ "ತಲೆ ತಿರುಗ್ತದೆ" ಎಂದು ಮೊಬೈಲನ್ನು ನನ್ನ ಕೈಗಿಟ್ಟಳು. ಆಗ ಒಂದು ವಿಷಯ ಗಮನಿಸಿದೆ: ವಿಡಿಯೊದಲ್ಲಿ ಸದ್ದೇ ಇರಲಿಲ್ಲ. ಅಜ್ಜನ ಮಾತಿಲ್ಲ, ಮೊಪೆಡ್ಡಿನ ಗದ್ದಲವಿಲ್ಲ. ಅಗ್ಗದ ಕ್ಯಾಮೆರಾ ಅಲ್ಲವೇ, ಕಣ್ಣು ಕೊಟ್ಟಿದ್ದಾರೆ, ಕಿವಿ ಕೊಟ್ಟಿಲ್ಲ ಅಂದುಕೊಂಡೆ. ಈ ತಪ್ಪು ತಿಳಿವಳಿಕೆಯೇ ಮುಂದೆ ನನ್ನ ಮಾನ ತೆಗೆಯಿತು.

ವಿಡಿಯೊ ಕುಣಿದ ತಪ್ಪೆಲ್ಲ ಕ್ಯಾಮೆರಾದ ಜೊತೆ ಬಂದಿದ್ದ ಪ್ಲಾಸ್ಟಿಕ್ ಎದೆಬೆಲ್ಟಿನದು ಎಂದು ತೀರ್ಮಾನಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇರಲಿ. ಘಟಕದಲ್ಲಿ ಮಿಕ್ಕಿದ್ದ ಗಟ್ಟಿ ಜೀನ್ಸ್ ಬಟ್ಟೆಯಲ್ಲಿ ನಾನೇ ಒಂದು ಎದೆಬೆಲ್ಟ್ ಹೊಲಿದೆ. ಎಲ್ಲಾ ಅಂಚಿಗೂ ಜೋಡಿ ಹೊಲಿಗೆ, ಮೂಲೆಗಳಿಗೆ ತಾಮ್ರದ ಗುಂಡಿ, ನಡುವೆ ಕ್ಯಾಮೆರಾ ಕೂರಲು ಒಂದು ಪುಟ್ಟ ಜೇಬು. ಚಿಪ್ಪು ಆ ಜೇಬಿಗೆ ಹಿಡಿಸಲಿಲ್ಲ, ತೆಗೆದಿಟ್ಟೆ. ಅಳತೆಯನ್ನು ಮಾತ್ರ ಕನ್ನಡಿ ಮುಂದೆ ನಿಂತು ತೆಗೆದುಕೊಂಡೆ. ಅಳತೆ ಕೊಡುವಾಗ ಪ್ರತಿಯೊಬ್ಬ ಗಂಡಸೂ ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಾನೆ. ಅದು ಗೊತ್ತಿರುವುದರಿಂದ ನಾವು ಏನೂ ಹೇಳದೆ ಎರಡು ಬೆರಳು ಹೆಚ್ಚಿಗೆ ಬರೆದುಕೊಳ್ಳುತ್ತೇವೆ. ಊರಿಗೆಲ್ಲ ಎರಡು ಬೆರಳು ಸೇರಿಸುವ ನಾನು ನನ್ನನ್ನು ಮಾತ್ರ ನಂಬಿಬಿಟ್ಟೆ.

ಭಾನುವಾರ ಸೈಕಲ್ ಹತ್ತಿ ಕಣೇಕಲ್ಲು ಕೆರೆಗೆ ಹೊರಟೆ. ನಾಗಭೂಷಣ ಹಿಪ್ಪುನೇರಳೆ ತೋರಿಸಿದರೆ ನಾನು ಕೆರೆ, ಕಾಲುವೆ, ಭತ್ತದ ಗದ್ದೆ ತೋರಿಸುತ್ತೇನೆ, ನೋಡೋಣ ಎಂಬ ಹಟ. ಬಿಸಿಲೇರಿತು. ಎದುರುಗಾಳಿ. ಏದುಸಿರಿನ ನಡುವೆ ಹೊಟ್ಟೆಯೊಳಗಿದ್ದುದೆಲ್ಲ ಬಾಯಿಗೆ ಬರತೊಡಗಿತು. ಒಬ್ಬನೇ ಇದ್ದೆನಲ್ಲ, ಕೇಳುವವರು ಯಾರು? ದಾರಿಯುದ್ದಕ್ಕೂ ಷಡ್ಡಕನ ಜೊತೆ ಜಗಳವಾಡುತ್ತ ಹೋದೆ. ಅವನು ಅಲ್ಲಿರಲಿಲ್ಲವಾದ್ದರಿಂದ ಪ್ರತಿ ಮಾತಿನಲ್ಲೂ ನಾನೇ ಗೆದ್ದೆ. ಹೋಗುವಾಗ ಸೈಕಲ್ಲು ನನ್ನನ್ನು ಹೊತ್ತಿತು, ಬರುವಾಗ ಆಟೊ ನಮ್ಮಿಬ್ಬರನ್ನೂ ಹೊತ್ತಿತು.

ಸೋಮವಾರ ಬೆಳಿಗ್ಗೆ ಕಟಿಂಗ್ ಟೇಬಲ್ಲಿನ ಹತ್ತಿರ ನಿಂತು ವಿಡಿಯೊ ನೋಡಿದೆ. ಸುತ್ತ ನಲವತ್ತು ಹೊಲಿಗೆ ಮಿಷಿನ್ನುಗಳು ಗುಡುಗುತ್ತಿದ್ದವು. ಈ ಕ್ಯಾಮೆರಾ ಮೂರು ಮೂರು ನಿಮಿಷಕ್ಕೊಂದು ತುಂಡು ಮಾಡಿ ಇಡುತ್ತದೆ. ಒಂದಾದ ಮೇಲೊಂದು ತುಂಡು ತೆರೆದರೆ ಎಲ್ಲದರಲ್ಲೂ ಆಕಾಶ! ಬೆಲ್ಟು ಬಿಗಿಯಾಗಿ, ಸೀಟಿನ ಮೇಲೆ ಕೂತ ಕೂಡಲೇ ಹೊಟ್ಟೆ ಮುಂದೆ ಬಂದು, ಕ್ಯಾಮೆರಾದ ಮುಖವನ್ನು ಮೇಲಕ್ಕೆ ಎತ್ತಿಬಿಟ್ಟಿತ್ತು. ಕೊನೆಯ ತುಂಡಿನಲ್ಲಿ ಮಾತ್ರ, ನಾನು ಸುಸ್ತಾಗಿ ಸೈಕಲ್ಲಿನ ಹ್ಯಾಂಡಲ್ ಮೇಲೆ ಬಗ್ಗಿ ನಿಂತಾಗ, ಕಣೇಕಲ್ಲಿನ ಕೆರೆ ಫಳಫಳ ಹೊಳೆಯುತ್ತ ಬಂದಿತ್ತು. ಆಹಾ! ಅದನ್ನೇ ಆರಿಸಿ, ಮಾವನ ಮನೆಯವರೆಲ್ಲ ಇರುವ ಗ್ರೂಪಿಗೆ ಕಳಿಸಿದೆ. ನಾಗಭೂಷಣನ ಹೊಟ್ಟೆ ಉರಿಯಲಿ ಎಂದು ಮನಸ್ಸಿನಲ್ಲೇ ಹರಸಿ ಕತ್ತರಿ ಹಿಡಿದೆ.

ಮೊದಲು ಅತ್ತೆಯ ದನಿಸಂದೇಶ ಬಂತು. ಗದ್ದಲದಲ್ಲಿ ಕೇಳಿಸದೆ ಹೊರಗೆ ಹೋಗಿ ಕಿವಿಗಿಟ್ಟುಕೊಂಡೆ. "ಅಳಿಯಂದ್ರೇ, ಬಿಸಿಲಾಗೆ ತಿರುಗ್ಬ್ಯಾಡಿ, ಯಾಕೋ ಒಬ್ರೇ ಮಾತಾಡ್ತಾ ಇದ್ದೀರಿ. ಮಜ್ಜಿಗೆ ಕುಡೀರಿ." ಅಲ್ಲೇ ನಿಂತು ನನ್ನ ವಿಡಿಯೊ ಹಾಕಿದೆ. ನನ್ನದೇ ದನಿ, ಗಂಟೆ ಹೊಡೆದಷ್ಟು ಸ್ಪಷ್ಟ:

"ಏನ್ ಮಹಾ ಮಾಡ್ಯಾನ ಅವ? ಸೊಪ್ಪು ಕೊಯ್ಯೋನು ಸೊಪ್ಪು ಕೊಯ್ಕೊಂಡಿರಬೇಕು. ಅವಂದೇನದು, ಪ್ಲಾಸ್ಟಿಕ್ ಬೆಲ್ಟು! ನಂದು ನೋಡು, ಜೀನ್ಸಿನ ಬೆಲ್ಟು, ಆನಿ ಎಳದ್ರೂ ಹರಿಯಂಗಿಲ್ಲ. ಸರೋಜಾ, ಅವನ ವಿಡಿಯೊ ಬಂದ್ರ ನಿನ್ನ ಮಾರಿ ಹೆಂಗ ಅರಳ್ತದ! ಹದಿನೆಂಟು ವರ್ಷ ಆತು, ನಾ ಮಾಡಿದ್ದು ಒಂದಾದ್ರೂ ನೋಡಿ ಚಲೋ ಐತಿ ಅಂದೀಯೇನ?"

ಗೋಡೆಗೂ ಕಿವಿ ಇರುತ್ತದೆ ಎಂದು ಹಿರಿಯರು ಹೇಳಿದ್ದರು. ಪ್ಲಾಸ್ಟಿಕ್ ಚಿಪ್ಪು ತೆಗೆದರೆ ಕ್ಯಾಮೆರಾಕ್ಕೂ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅಳಿಸಿಹಾಕೋಣವೆಂದರೆ ಅಷ್ಟರಲ್ಲಿ ಎಲ್ಲರೂ ಕೇಳಿಯಾಗಿತ್ತು. ಭೂಮಿ ಬಾಯಿಬಿಡಬಾರದೇ ಎಂದುಕೊಳ್ಳುತ್ತಿರುವಾಗ ನಾಗಭೂಷಣನ ಫೋನು ಬಂತು.

"ಅಣ್ಣಾ, ನೋಡ್ದೆ ಕಣಣ್ಣ. ಬೈದಿದ್ದೆಲ್ಲ ಇರ್ಲಿ ಬಿಡಿ, ಷಡ್ಡಕನ್ನ ಬೈದೆ ಇನ್ಯಾರನ್ನ ಬೈತೀರಿ? ಆ ಜೀನ್ಸ್ ಬೆಲ್ಟ್ ಅಂದ್ರಲ್ಲ, ನಂಗೂ ಒಂದು ಹೊಲ್ದು ಕೊಡಿ ಅಣ್ಣಾ. ನಿಜವಾಗ್ಲೂ ನನ್ನ ಪ್ಲಾಸ್ಟಿಕ್ಕು ಎರಡ್ ಸಲ ಕಿತ್ತೋಯ್ತು" ಎಂದ.

ಅವನು ತಿರುಗಿ ಬೈದಿದ್ದರೆ ನಾನು ತಣ್ಣಗಾಗುತ್ತಿದ್ದೆ. ಒಳ್ಳೆಯತನದಲ್ಲೂ ನನ್ನನ್ನು ಮೀರಿಸಿಬಿಟ್ಟನಲ್ಲ! ಊಟದ ಬಿಡುವಿನಲ್ಲೇ ಬೆಲ್ಟು ಹೊಲಿದೆ. ಹೊಲಿಗೆಯೆಲ್ಲ ಅಚ್ಚುಕಟ್ಟು. ಆದರೆ ಕ್ಯಾಮೆರಾದ ಜೇಬಿನ ಹಿಂದೆ, ಮೇಲ್ಭಾಗದಲ್ಲಿ, ಹೊರಗೆ ಕಾಣದ ಹಾಗೆ ಎರಡು ಬೆರಳು ದಪ್ಪ ಬಟ್ಟೆ ಮಡಿಸಿ ತುಂಬಿದೆ. ಇನ್ನು ಅವನ ಕ್ಯಾಮೆರಾ ಬೆಟ್ಟ, ಆಕಾಶ ಏನನ್ನೂ ನೋಡದು. ನೆಲ ನೋಡಿಕೊಂಡು ಹೋಗಬೇಕು. ಹೊಲಿಗೆ ವೃತ್ತಿಗೆ ಇಳಿದ ಮೇಲೆ ನಾನು ಬೇಕೆಂದೇ ಕೆಡಿಸಿದ ಪೀಸು ಅದೊಂದೇ. ಆ ಕಡೆ ಹೊರಟ ಬಸ್ಸಿನ ಕಂಡಕ್ಟರ್ ಕೈಗೆ ಅದನ್ನು ಕೊಟ್ಟು, ಸಂಜೆ ಹೆದರುತ್ತ ಮನೆಗೆ ಹೋದೆ.

ಸರೋಜ ಬಾಗಿಲಲ್ಲೇ ಕೂತಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಸಿಟ್ಟೋ ಸಂತೋಷವೋ ಉಕ್ಕಿ ಬಂದಾಗ ರಾಯದುರ್ಗದ ಮಾತು ಬಿಟ್ಟು ತವರಿನ ಮಾತಿಗೆ ಹೋಗುವುದು ಅವಳ ಪದ್ಧತಿ. "ನಾನು ಅವನ್ನ ನೋಡ್ತೀನಿ ಅಂದ್ಕೊಂಡಿದ್ರಾ? ಬನ್ನಿ ಇಲ್ಲಿ" ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ನಾಗಭೂಷಣನ ಹಳೆಯ ವಿಡಿಯೊ ಹಾಕಿ ಒಂದು ಕಡೆ ನಿಲ್ಲಿಸಿದಳು. ದೂರದ ಬದುವಿನ ಮೇಲೆ, ಉಗುರಿನಷ್ಟು ಸಣ್ಣದಾಗಿ, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತ ಒಂದು ಹೆಂಗಸು. "ನಮ್ಮಮ್ಮ ಕಣ್ರೀ. ಎಷ್ಟ್ ಹತ್ರ ಹಿಡ್ದ್ರೂ ಮುಖ ಕಾಣಲ್ಲ. ವರ್ಷಕ್ಕೆ ಒಂದ್ ಸಲ ಹೋಗೋಕೂ ನಿಮ್ಮ ಅರ್ಜೆಂಟ್ ಆರ್ಡರ್ ಬಿಡಲ್ಲ, ಇನ್ನೇನ್ ಮಾಡ್ಲಿ? ಇನ್ನ ನಿಮ್ಮ ಕೆಲಸ ಚೆನ್ನಾಗಿದೆ ಅನ್ನೋಕೆ, ಒಂದಾದ್ರೂ ಮನೆಗೆ ತಂದಿದ್ದೀರಾ? ಎಲ್ಲಾ ಮೂಟೆ ಕಟ್ಟಿ ಬಳ್ಳಾರಿಗೆ ಕಳಿಸ್ತೀರಿ."

ಬಸ್ಸು ಆಗಲೇ ಕಲ್ಯಾಣದುರ್ಗ ದಾಟಿರಬೇಕು. ಅವಳ ತಾಯಿಯನ್ನು ಉಗುರಿನಷ್ಟಾದರೂ ತೋರಿಸುತ್ತಿದ್ದ ಕ್ಯಾಮೆರಾವನ್ನು ನಾನು ಎರಡು ಬೆರಳು ಬಟ್ಟೆ ಕೊಟ್ಟು ನೆಲಕ್ಕೆ ತಿರುಗಿಸಿದ್ದೆ. ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. ಫೋನು ಮಾಡಿ ಬೆಲ್ಟು ವಾಪಸ್ ಕಳಿಸು ಅನ್ನೋಣವೆಂದರೆ ಕಾರಣ ಏನು ಹೇಳಲಿ?

ಎಂಟನೆಯ ದಿನ ನಾಗಭೂಷಣನ ಹೊಸ ವಿಡಿಯೊ ಬಂತು. ಸರೋಜ ಮೊಬೈಲನ್ನು ಡಬ್ಬಿಗೆ ಒರಗಿಸಿದಳು. ನಾನು ತಪ್ಪಿಸಿಕೊಳ್ಳಲು ಎದ್ದೆ. "ಅಯ್ಯೋ, ಬನ್ರಿ ಇಲ್ಲಿ!" ಎಂದು ಕೂಗಿದಳು. ಆಕಾಶವಿಲ್ಲ, ಬೆಟ್ಟವಿಲ್ಲ. ಸೈಕಲ್ಲು ಮನೆಯ ಮುಂದೆ ನಿಂತಿದೆ. ಹೊಸ್ತಿಲ ರಂಗೋಲಿ, ಅಂಗಳದಲ್ಲಿ ಹರಡಿದ ಕಡಲೆಕಾಯಿ, ಅದರ ನಡುವೆ ಕೂತು ಕಾಯಿ ಬಿಡಿಸುತ್ತಿರುವ ಅತ್ತೆ, ಪರದೆಯ ತುಂಬ. ಹಸಿರು ಬಳೆ, ಸವೆದ ಉಗುರು. ಆಕೆ ತಲೆಯೆತ್ತಿ, "ಏನಪ್ಪಾ, ಕುತ್ತಿಗೆ ಬಗ್ಗಿಸ್ಕೊಂಡದಲ್ಲೋ ನಿನ್ ಕ್ಯಾಮ್ರ?" ಎಂದು ಬೊಚ್ಚುಬಾಯಿ ತೆರೆದು ನಕ್ಕರು. "ರಾಯದುರ್ಗದ ಅಣ್ಣ ಹೊಲ್ದಿದ್ದು ಕಣತ್ತೆ. ಹಳೇ ಬೆಲ್ಟಿನಾಗೆ ನೀವೆಲ್ಲ ಕಾಣ್ತಾನೇ ಇರ್ಲಿಲ್ಲ" ಎಂದ ನಾಗಭೂಷಣ.

ಸರೋಜ ಅದನ್ನು ನಾಲ್ಕು ಸಲ ನೋಡಿದಳು. ರೊಟ್ಟಿ ಕರಕಲಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. ಷಡ್ಡಕನ ಸೈಕಲ್ಲಿಗೆ ಮೀಸಲೆಂದು ನಾನು ತಿಳಿದಿದ್ದ ಆ ಅರಳಿದ ಮುಖ ಈಗ ನೇರವಾಗಿ ನನ್ನನ್ನೇ ನೋಡುತ್ತಿತ್ತು.

"ಎಷ್ಟು ಚೆನ್ನಾಗ್ ಹೊಲ್ದಿದ್ದೀರಿ ಕಣ್ರೀ!" ಎಂದಳು.

ಹದಿನೆಂಟು ವರ್ಷ ಕಾದು ಪಡೆದ ಹೊಗಳಿಕೆ. ಕೆಡಿಸಿದ ಪೀಸಿಗೆ ಬಂತು. ತಲೆ ತಗ್ಗಿಸಿ, ಕರಕಲು ರೊಟ್ಟಿಯನ್ನು ಚೂರೂ ಬಿಡದೆ ತಿಂದು, ಮರುದಿನ ನನ್ನ ಬೆಲ್ಟಿನ ಜೇಬಿಗೂ ಎರಡು ಬೆರಳು ಬಟ್ಟೆ ತುಂಬಿದೆ.