ನಮ್ಮ ಆಕಾಶ ಯಾವ ವಾರ್ಡಿಗೆ ಬರುತ್ತದೆ?

ಪುಕ್ಕಟೆ ಸಿಗುವ ಯಾವುದಕ್ಕೇ ಆಗಲಿ, ಅಡ್ಡ ನಿಲ್ಲಲು ನಮ್ಮ ಕಡೆ ಒಬ್ಬ ತಯಾರಿರುತ್ತಾನೆ. ಹಾಗಾಗಿ ನಾನು ಡಿಶ್ ಕೂರಿಸಲು ಹೋದಲ್ಲೆಲ್ಲ ಏನಾದರೊಂದು ತಮಾಷೆ ಆಗದೆ ಉಳಿದದ್ದಿಲ್ಲ. ನಾನು ಶಾಲೆಗೆ ಹೋದದ್ದು ಏಳನೇ ಕ್ಲಾಸಿನವರೆಗೆ. ಉಳಿದದ್ದೆಲ್ಲ ಜಗಳ ಮಾಡಿ ಕಲಿತದ್ದು. ಸರ್ಕಾರದ ಪುಕ್ಕಟೆ ಚಾನೆಲ್ಲಿನ ಡಿಶ್ ಕುಂದಾಪುರದ ಅಂಗಡಿಗೆ ಬಂದ ಹೊಸತರಲ್ಲಿ, ಅದನ್ನು ಕೂರಿಸುವುದನ್ನೂ ಹಾಗೆಯೇ ಕಲಿತೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಷ್ಟೋ ಮನೆಗಳ ಮಾಡು ಹತ್ತಿದ್ದೇನೆ. ಆದರೆ ಉಪ್ಪುಂದದ ಆಚೆ, ನಮ್ಮೂರಿನಲ್ಲಿ ಮೀನು ಮಾರುವ ಅಕ್ಕನ ಮನೆಯ ಡಿಶ್ಶಿನಷ್ಟು ಸುದ್ದಿ ಮಾಡಿದ್ದು ಮತ್ತೊಂದಿಲ್ಲ.

ಗಾಳಿಯ ಕತ್ತರಿ

ಅಕ್ಕನ ಮನೆಯೆದುರು ಪಂಚಾಯಿತಿಯ ನಲ್ಲಿ ಇತ್ತು. ಉದ್ಘಾಟನೆಯ ದಿನ ಅದರಲ್ಲಿ ಬಂದ ನೀರು ಮತ್ತೆ ಬಂದಿರಲಿಲ್ಲ. ಮೀನಿನ ಬುಟ್ಟಿ ಹೊತ್ತು ಊರು ಸುತ್ತಿ ಬಂದವಳು ಅದೇ ತಲೆಯ ಮೇಲೆ ಕೊಡ ಹೊತ್ತು ದೂರದ ಬಾವಿಗೆ ಹೋಗಬೇಕು. ಒಂದು ಗ್ರಾಮಸಭೆಯಲ್ಲಿ ಎದ್ದು ನಿಂತು ವಾರ್ಡಿನ ಮೆಂಬರ್ರನ್ನು ಕೇಳಿಯೇಬಿಟ್ಟಳು: "ಹ್ವಾಯ್ ಮೆಂಬರ್ರೆ, ನಲ್ಲಿಯಗೆ ನೀರ್ ಯಾವಾಗ ಬತ್ತ್?"

"ಬತ್ತ್, ಬತ್ತ್" ಎಂದರು ಮೆಂಬರ್ರು.

ಊರಿನ ಕೇಬಲ್ ಟಿ.ವಿ.ಯ ಮಾಲಿಕರೂ ಅವರೇ. ಮರುದಿನ ಇಡೀ ಊರಿನಲ್ಲಿ ಅಕ್ಕನ ಮನೆಯ ಟಿ.ವಿ. ಒಂದೇ ಸತ್ತುಹೋಯಿತು. ಹೋಗಿ ವಿಚಾರಿಸಿದರೆ, "ಗಾಳಿಗೆ ವಯರ್ ಕಡ್ದ್ ಹೋಯ್ತ್, ನಾ ಎಂತ ಮಾಡ್ಲಿ?" ಎಂದರು.

ಅಕ್ಕ ವಯರಿನ ತುದಿಯನ್ನು ಅವರ ಮುಖದೆದುರೇ ಹಿಡಿದಳು. "ಕಾಣಿ, ಎಷ್ಟ್ ನೇರ ಕಡ್ದಿತ್ತ್! ಗಾಳಿ ಕೈಗೆ ಕತ್ರಿ ಕೊಟ್ಟದ್ ಯಾರ್?"

ಬೊಂಬಾಯಿ ಬದಿ

ಅಕ್ಕ ಹಟಕ್ಕೆ ಬಿದ್ದು ಡಿಶ್ ತಂದಳು. ನಾನು ಅವಳ ಬಚ್ಚಲುಮನೆಯ ತಾರಸಿಯ ಮೇಲೆ ಪೈಪು ನಿಲ್ಲಿಸಿದೆ. ಉಪಗ್ರಹ ಇರುವುದು ಆಗ್ನೇಯ ಮೂಲೆಯ ಆಕಾಶದಲ್ಲಿ. ಮೇಲೆ ನಿಂತವನು ಡಿಶ್ಶನ್ನು ಚೂರು ಚೂರೇ ತಿರುಗಿಸುತ್ತ "ಬಂತಾ?" ಎಂದು ಕೂಗುವುದು, ಒಳಗೆ ಟಿ.ವಿ. ಮುಂದೆ ಕೂತವರು "ಇಲ್ಲೆ!" ಎಂದು ಕೂಗುವುದು. ಈ ಕೆಲಸದಲ್ಲಿರುವ ವಿದ್ಯೆ ಇಷ್ಟೇ.

ಅಂತೂ ಚಿತ್ರ ಬಂತು, ಯಾವುದೋ ಹಿಂದಿ ಸಿನಿಮಾ. ನಾನು ಕೆಳಗಿಳಿದು ಗಂಜಿಗೆ ಕೂತೆ. ಅಕ್ಕನ ಗಂಡನ ಅಣ್ಣ ಬೊಂಬಾಯಿಯ ಹೋಟೆಲಿನಿಂದ ರಜೆಗೆ ಬಂದಿದ್ದರು. ಅವರು ಅಂಗಳದಲ್ಲಿ ನಿಂತು ಡಿಶ್ಶನ್ನು ನೋಡಿದರು, ನನ್ನನ್ನು ನೋಡಿದರು.

"ಅರೇ ಭಾಯ್, ಇದ್ ಕುಂದಾಪ್ರದ್ ಬದಿಗೆ ಮುಖ ಮಾಡಿತ್ತಲೆ! ಕುಂದಾಪ್ರದಗೆ ಹಿಂದಿ ಮಾತಾಡುವರ್ ಯಾರಿದ್ರ್?"

ನಾನು ಗಂಜಿ ಮುಗಿಸುವಷ್ಟರಲ್ಲಿ ಏಣಿ ಹತ್ತಿ ಡಿಶ್ಶನ್ನು ವಾಯವ್ಯಕ್ಕೆ, ನೇರ ಬೊಂಬಾಯಿಗೆ, ತಿರುಗಿಸಿಬಿಟ್ಟಿದ್ದರು. ಒಳಗೆ ಟಿ.ವಿ. ಕಪ್ಪಾಯಿತು. "ಎಂತ ಆಯ್ತ್ ಭಾವಾ?" ಎಂದು ಅಕ್ಕ ಕಿರುಚಿದಳು.

ಭಾವ ಒಂಚೂರೂ ಅಲುಗಲಿಲ್ಲ. "ಇವತ್ತ್ ಬೊಂಬಾಯಗೆ ಸ್ಟ್ರೈಕ್ ಇರ್ಕ್!"

ಹಗಲು ಪಾಳಿ

ಮತ್ತೆ ತಿರುಗಿಸಿ ಸರಿ ಮಾಡಿ ಬಂದರೆ, ವಾರದೊಳಗೆ ರಜೆಯಲ್ಲಿದ್ದ ಭಾವನ ಹೊಸ ದೂರು: ಹಗಲು ಚಿತ್ರ ನಡುಗುತ್ತದೆ, ಸಂಜೆ ಸರಿಯಾಗುತ್ತದೆ. ಸರ್ಕಾರದ ಡಿಶ್ಶಿನ ಹಣೆಬರಹವೇ ಅಷ್ಟು ಎಂದು ಮೆಂಬರ್ರ ಜನ ಊರೆಲ್ಲ ಸಾರಿದರು.

ಮಧ್ಯಾಹ್ನ ಹೋಗಿ ಹತ್ತಿ ನೋಡಿದೆ. ಡಿಶ್ಶಿನ ಮುಂದಕ್ಕೆ ಚಾಚಿದ ಸರಳಿಗೆ ಅಕ್ಕ ಹಗ್ಗ ಬಿಗಿದು ಮೀನು ಒಣಹಾಕಿದ್ದಳು. ಸುತ್ತ ಕಾಗೆಗಳ ಗ್ರಾಮಸಭೆ. ಒಂದೊಂದು ಕಾಗೆ ಕೂತಾಗಲೂ ಡಿಶ್ ತಲೆಯಾಡಿಸುತ್ತಿತ್ತು.

"ಅಕ್ಕಾ, ಇದೆಂತ ಮಾರಾಯ್ತಿ?"

"ಬೆಕ್ಕಿಗೆ ಸಿಕ್ಕದಿದ್ದ್ ಜಾಗ ಅದೊಂದೇ ಅಲ್ದಾ? ನಾವ್ ಟಿ.ವಿ. ಕಾಂಬುದ್ ಸಂಜಿಗೆ. ಹಗಲ್ ಅದೂ ಒಂಚೂರ್ ಕೆಲ್ಸ ಮಾಡ್ಲಿ. ಸುಮ್ನೆ ನಿಂತ್ಕಂಬುಕೆ ಅದೇನ್ ಪಂಚಾಯ್ತಿ ಮೆಂಬರಾ?"

ವಾರ್ಡಿನ ಗಡಿ

ಅಕ್ಕನ ಡಿಶ್ ನೋಡಿ ಇನ್ನಷ್ಟು ಮನೆಯವರು ಡಿಶ್ ತಂದರು. ಮೆಂಬರ್ರಿಗೆ ಉರಿ ಹತ್ತಿತು. ನನ್ನನ್ನು ಪಂಚಾಯಿತಿಗೆ ಕರೆಸಿದರು.

"ಪೈಪ್ ನಿಲ್ಸುಕೆ ಪರ್ಮಿಶನ್ ಇತ್ತಾ?"

"ಪೈಪ್ ನಿಂತದ್ ಅಕ್ಕನ ಬಚ್ಚಲ್ ಮೇಲೆ."

"ಬಚ್ಚಲ್ ಅವ್ಳದ್. ಅದ್ರ ಮೇಲಿಂದ್ ಜಾಗ ಪಂಚಾಯ್ತಿದ್!"

ದೋಚಿ ದೋಚಿ ನೆಲ ಮುಗಿದಿತ್ತು, ಈಗ ಕಣ್ಣು ಮೇಲೆ ಹೋಗಿತ್ತು. ನಾನು ಮೆಲ್ಲಗೆ ಕೇಳಿದೆ: "ಆಕಾಶ ಯಾವ ವಾರ್ಡಿಗೆ ಬತ್ತ್, ಮೆಂಬರ್ರೆ?"

"ನನ್ನ್ ವಾರ್ಡಿಗೇ!" ಎಂದು ಮೇಜು ಗುದ್ದಿದರು.

"ಹಂಗಾರೆ ನಿಮ್ಮ್ ವಾರ್ಡಿನ್ ಆಕಾಶದಗೆ ವರ್ಷ ವರ್ಷ ನೀರ್ ಬತ್ತ್. ನಲ್ಲಿಯಗೆ ಎಂತಕೆ ಬತ್ತಿಲ್ಲೆ?"

ಗುಮಾಸ್ತ ಕೈಗೆ ಸಿಕ್ಕ ಫೈಲನ್ನು ಮುಖಕ್ಕೆ ಅಡ್ಡ ಹಿಡಿದ. ಅವನ ಹೊಟ್ಟೆ ಮಾತ್ರ ಕುಣಿಯುತ್ತಲೇ ಇತ್ತು.

ಗಟ್ಟಿ ಹಿಡ್ಕಣಿ

ಅಷ್ಟರಲ್ಲಿ ಸರ್ಕಾರದ ಕನ್ನಡ ಚಾನೆಲ್ಲಿನವರು ಹಳ್ಳಿಗಳ ಕಾರ್ಯಕ್ರಮಕ್ಕೆ ನಮ್ಮೂರಿಗೂ ಬಂದು ಮೆಂಬರ್ರನ್ನು ಮಾತಾಡಿಸಿಕೊಂಡು ಹೋದರು. ಅದು ಟಿ.ವಿ.ಯಲ್ಲಿ ಬರುವ ದಿನ, ಎಲ್ಲರೂ ನೋಡಬೇಕೆಂದು ಮೆಂಬರ್ರು ಮನೆಮನೆಗೆ ಹೇಳಿಸಿದರು. ಮಧ್ಯಾಹ್ನ ಎದ್ದ ಗಾಳಿಗೆ ಅವರ ಕೇಬಲ್ಲಿನ ದೊಡ್ಡ ಡಿಶ್ಶೇ ಮಗುಚಿ ಬಿತ್ತು. ಈ ಸಲ ನಿಜವಾಗಿ ಗಾಳಿಯೇ.

ಸಂಜೆ ಮೆಂಬರ್ರು ತಮ್ಮ ಜನರನ್ನು ಕಟ್ಟಿಕೊಂಡು ಅಕ್ಕನ ಅಂಗಳಕ್ಕೇ ಬಂದರು. "ಅಕ್ಕಾ, ನಿಮ್ಮ್ ಟಿ.ವಿ. ಬತ್ತಾ?"

"ಬತ್ತ್, ಬತ್ತ್" ಎಂದಳು ಅಕ್ಕ, ಥೇಟ್ ಅವರ ದನಿಯಲ್ಲೇ.

ಆದರೆ ನಾನು ಹತ್ತಿ ನೋಡಿದರೆ ಅವಳ ಡಿಶ್ಶಿನ ಬೋಲ್ಟೂ ಗಾಳಿಗೆ ತುಂಡಾಗಿತ್ತು. ಕೈಯಲ್ಲಿ ಹಿಡಿದರೆ ಚಿತ್ರ, ಬಿಟ್ಟರೆ ಇಲ್ಲ. "ಒಬ್ರ್ ಹಿಡ್ಕಂಡ್ ನಿಲ್ಕ್" ಎಂದೆ. ಮೆಂಬರ್ರ ಜನರಲ್ಲಿ ಒಬ್ಬನಿಗೆ ಸೊಂಟನೋವು ನೆನಪಾಯಿತು, ಇನ್ನೊಬ್ಬನಿಗೆ ತಲೆಸುತ್ತು. ಕಡೆಗೆ ಮೆಂಬರ್ರೇ ಬಿಳಿ ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದರು. ನಾನು ಡಿಶ್ಶನ್ನು ಅವರ ಕೈಗೆ ಕೊಟ್ಟು ಇಳಿದು ಬಂದೆ. ಏಣಿ ತೆಗೆಯುವ ಮನಸ್ಸಾಯಿತು. ತೆಗೆಯಲಿಲ್ಲ.

ಒಳಗೆ ಊರೇ ಸೇರಿತ್ತು. ಚಿತ್ರ ಕನ್ನಡಿಯ ಹಾಗೆ ಬಂತು. ಇಸ್ತ್ರಿ ಅಂಗಿ ತೊಟ್ಟ ಮೆಂಬರ್ರು ಪರದೆಯ ಮೇಲೆ ನಿಂತು, "ನಮ್ಮ ವಾರ್ಡಿನ ಪ್ರತಿಯೊಂದು ಮನೆಗೂ ದಿನವಿಡೀ ನಲ್ಲಿ ನೀರು ಬರುತ್ತಿದೆ" ಎಂದರು.

ಮಾಡಿನ ಹಂಚು ಹಾರುವಂಥ ನಗು.

ಮೇಲಿನಿಂದ ಗಾಬರಿಯ ದನಿ ಬಂತು: "ಹ್ವಾಯ್, ನಾ ಬಂದ್ನಾ?"

ಅಕ್ಕ ಬಾಗಿಲಿಗೆ ಬಂದಳು. ಎದುರಿಗೆ ಒಣಗಿದ ನಲ್ಲಿ, ಅದರ ಕೆಳಗೆ ಮಗುಚಿಟ್ಟ ಕೊಡ. ಕತ್ತೆತ್ತಿ ಕೂಗಿದಳು:

"ಇಲ್ಲೆ ಮೆಂಬರ್ರೆ! ನಲ್ಲಿಯಗೆ ನೀರ್ ಬಂದ್ ದಿನ ನೀವೂ ಬತ್ರಿ. ಅಲ್ಲಿವರಿಗೆ ಗಟ್ಟಿ ಹಿಡ್ಕಣಿ!"