ಸೂಜಿ ಅಕ್ಕನ ಗಾಡಿಯ ಸದ್ದುಗಳು

ಗಾಡಿಗಳ ಸದ್ದಿಗೆ ಒಂದು ಕೆಟ್ಟ ಬುದ್ಧಿ ಇದೆ. ದಾರಿಯುದ್ದಕ್ಕೂ ಲಟಲಟ ಅಂದುಕೊಂಡು ಬಂದದ್ದು ನನ್ನ ಅಂಗಡಿ ಮುಂದೆ ನಿಂತ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತದೆ. "ಇಷ್ಟೊತ್ತೂ ಇತ್ತು ಕಣಣ್ಣ, ದೇವ್ರಾಣೆ" ಅನ್ನುತ್ತಾರೆ ಗಾಡಿಯವರು. ನಾನು ನಂಬಿದವನ ಹಾಗೆ ತಲೆಯಾಡಿಸುತ್ತೇನೆ. ಮಿಡಿಗೇಶಿ ಬಸ್ ಸ್ಟ್ಯಾಂಡಿನ ಪಕ್ಕ ಇಪ್ಪತ್ತೆರಡು ವರ್ಷದಿಂದ ಮೆಕ್ಯಾನಿಕ್ ಅಂಗಡಿ ಇಟ್ಟುಕೊಂಡವನಿಗೆ ಇದು ವಾರಕ್ಕೆರಡು ಸಲವಾದರೂ ಆಗುವ ಕಥೆ. ಆದರೆ ಒಂದೇ ಗಾಡಿ ಹದಿನೈದು ದಿನದಲ್ಲಿ ನಾಲ್ಕು ಸಲ ನನ್ನ ಮಾನ ತೆಗೆದದ್ದು ಹೋದ ಆಷಾಢದಲ್ಲಿ ಮಾತ್ರ.

ಗಾಡಿ ಸೂಜಿ ಅಕ್ಕನದು. ಕುರಿಗಾರರ ಹಟ್ಟಿಯಿಂದ ಹಟ್ಟಿಗೆ ಹೋಗಿ ಕುರಿಗಳಿಗೆ ಲಸಿಕೆ ಚುಚ್ಚುವುದು ಆಕೆಯ ಕೆಲಸ. ತಾಯಿ ಇಟ್ಟ ಹೆಸರು ಬೇರೆ ಇದೆ, ಕರೆಯುವವರು ಯಾರೂ ಇಲ್ಲ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಬಲಗಾಲು ಸೋತಿರುವುದರಿಂದ ಸ್ಕೂಟರು ಓಡಿಸಲು ಆಗದು. ಅದಕ್ಕೇ ಶಿರಾದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಆಕೆಯ ತಮ್ಮ, ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ನಾಲ್ಕು ಚಕ್ರದ ಕ್ವಾಡ್ ಬೈಕೊಂದನ್ನು ತಂದ. ಹಾಲಿನ ಕ್ಯಾನು ಹೊತ್ತು ಹೊತ್ತು ಸವೆದಿದ್ದ ಹಳೇ ಮೋಟರ್ ಬೈಕಿನ ಎಂಜಿನ್ ಅದಕ್ಕೆ ಕೂರಿಸಿದ. ಗೇರು, ಬ್ರೇಕು ಎರಡನ್ನೂ ಕೈಗೆ ಸಿಗುವಂತೆ ಮಾಡಿದ. ಹಿಂದೆ ಲಸಿಕೆಯ ಐಸ್ ಪೆಟ್ಟಿಗೆಗೆ ಜಾಗ ಮಾಡಿದ. "ವೆಲ್ಡಿಂಗ್ ನಂದು, ಸದ್ದು ನಿಂದು ಉಸ್ತಾದ್" ಅಂತ ನನಗೆ ಒಪ್ಪಿಸಿ ಹೋದ.

ಪಶು ಆಸ್ಪತ್ರೆಯ ಡಾಕ್ಟರು ಆಕೆಗೆ ಒಂದು ಮಾತು ಹೇಳಿದ್ದರು: ಹದಿನೈದು ದಿನದಲ್ಲಿ ಇಪ್ಪತ್ತು ಹಟ್ಟಿ ಮುಗಿಸಿದರೆ ಮುಂದಿನ ಸುತ್ತೂ ನಿನಗೇ, ಇಲ್ಲದಿದ್ದರೆ ಜೀಪು ಇರುವ ಇನ್ನೊಬ್ಬರಿಗೆ. ಗಾಡಿ ಬಂಡೆಗಳ ನಡುವೆ ಕೈಕೊಟ್ಟರೆ ಐಸ್ ಕರಗುತ್ತದೆ, ಲಸಿಕೆ ಹಾಳಾಗುತ್ತದೆ, ಕೆಲಸವೂ ಹೋಗುತ್ತದೆ. ಆದ್ದರಿಂದ ಎಂಜಿನ್ ಒಂದು ಸಲ ಕೆಮ್ಮಿದರೂ ಆಕೆ ನೇರ ನನ್ನ ಅಂಗಡಿಗೆ ಬರುತ್ತಿದ್ದಳು.

೧. ಟಣ್ ಟಣ್

ಮೊದಲ ದಿನವೇ ಬಂದಳು. "ಅಣ್ಣ, ಕಲ್ಲು ದಾರಿಗೆ ಇಳಿದ್ರೆ ಎಂಜಿನ್ ಒಳಗೆ ಟಣ್ ಟಣ್ ಅಂತೈತೆ."

ನಾನು ಓಡಿಸಿ ನೋಡಿದೆ. ಸದ್ದಿಲ್ಲ. ಆಕೆ ಓಡಿಸಿದಳು, ಇತ್ತು. ಮತ್ತೆ ನಾನು ಓಡಿಸಿದೆ, ಇಲ್ಲ. ಬಸ್ಸಿಗೆ ಕಾಯುತ್ತಿದ್ದ ಹತ್ತು ಜನರೂ ಹತ್ತು ಕಾರಣ ಹೇಳಿದರು. ಬಸ್ಸು ಬಂದು ಹೋಯಿತು, ಒಬ್ಬರೂ ಹತ್ತಲಿಲ್ಲ.

ನನ್ನ ಗುರುಗಳು ಕೊರಟಗೆರೆಯವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುವುದನ್ನು ಅವರೇ ಕಲಿಸಿದ್ದು. ಹಾಗೆ ಕೇಳಿ, "ಟ್ಯಾಪೆಟ್ ಸಡಿಲ" ಅಂತ ತೀರ್ಪು ಕೊಟ್ಟೆ. ಅರ್ಧ ದಿನ ಎಂಜಿನ್ ತಲೆ ಬಿಚ್ಚಿ ಕೂತೆ. ಎಲ್ಲ ಸರಿಯಾಗಿಯೇ ಇತ್ತು. ಮತ್ತೆ ಜೋಡಿಸಿ ಕೊಟ್ಟೆ. ಆಕೆ ಹತ್ತಿ ಹೊರಟಳು. ಟಣ್ ಟಣ್.

ನನಗೆ ಕೋಪ ಬಂತು. ಗಾಡಿಯ ಪಕ್ಕದಲ್ಲೇ ಬಗ್ಗಿಕೊಂಡು ಓಡಿದೆ. ಆಗ ಕಂಡಿತು. ಆಕೆ ಕಾಲಿಗೆ ಆಸರೆಯಾಗಿ ಕಟ್ಟಿಕೊಳ್ಳುವ ಕಬ್ಬಿಣದ ಪಟ್ಟಿ, ಗಾಡಿ ಕುಲುಕಿದಾಗಲೆಲ್ಲ ಟ್ಯಾಂಕಿಗೆ ಹೊಡೆಯುತ್ತಿತ್ತು.

ಹೇಳಲು ನನಗೆ ಸಂಕೋಚವಾಯಿತು. ಸುಮ್ಮನೆ ಬೆರಳು ತೋರಿಸಿದೆ. ಆಕೆ ಬಗ್ಗಿ ನೋಡಿ, ಗಾಡಿ ನಿಲ್ಲಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಹಳೇ ಸೈಕಲ್ ಟ್ಯೂಬು ಕತ್ತರಿಸಿ ಪಟ್ಟಿಗೆ ಸುತ್ತಿಕೊಟ್ಟೆ. ಹೊರಡುವಾಗ ಅಂದಳು:

"ಅಲ್ಲಣ್ಣ, ಸರ್ವೀಸಿಗೆ ಬರ್ಬೇಕಾಗಿದ್ದೋಳು ನಾನು. ಪಾಪ, ಗಾಡಿ ತಲೆ ಯಾಕೆ ಬಿಚ್ಚಿದ್ರಿ?"

೨. ಟಕ್, ಪಟ್, ಡುಮ್

ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ "ಟಕ್ ಅಂತೈತಣ್ಣ" ಅಂತ ಬಂದಳು. ಅಂಗಡಿಯಲ್ಲಿ ಸದ್ದಿಲ್ಲ. ಅಂದಾಜಿನ ಮೇಲೆ ಒಂದು ಬೋಲ್ಟು ಬಿಗಿದು ಕಳಿಸಿದೆ. ಮರುದಿನ "ಟಕ್ ಪಟ್." ಚೈನು ಬಿಗಿದೆ. ಅದರ ಮರುದಿನ "ಟಕ್ ಪಟ್ ಡುಮ್."

ಡುಮ್ ಅಂದಾಗ ನನಗೂ ಹೆದರಿಕೆಯಾಯಿತು. ಡುಮ್ ಅಂದರೆ ಎಂಜಿನ್ನಿನ ಹೊಟ್ಟೆಯೊಳಗಿನ ಕಾಯಿಲೆ. ಪೂರ್ತಿ ಇಳಿಸಿ ಬಿಚ್ಚಬೇಕು, ನಾಲ್ಕು ದಿನದ ಕೆಲಸ. ನಾಲ್ಕು ದಿನ ಅಂದದ್ದಕ್ಕೆ ಆಕೆಯ ಮುಖ ಸಣ್ಣದಾಯಿತು. ಅದನ್ನು ನೋಡಲಾಗದೆ, "ತಡಿಯಮ್ಮ, ನಾಳೆ ಬೆಳಗ್ಗೆ ನಿಮ್ಮನೆಗೇ ಬಂದು ಕೇಳ್ತೀನಿ" ಅಂದೆ.

ಹೋಗಿ ನೋಡಿದರೆ ಆಕೆಯ ಅವ್ವ ಗಾಡಿಯ ಮುಂದೆ ಕೂತು ಗಂಟು ಹಾಕುತ್ತಿದ್ದಾರೆ. ಮುಂದಿನ ಕಂಬಿಗೆ ಕಪ್ಪು ಬಟ್ಟೆಯಲ್ಲಿ ಕಟ್ಟಿದ ಪಟಿಕದ ಗಟ್ಟಿ. ಪಕ್ಕದಲ್ಲಿ ಹಳೇ ಚಪ್ಪಲಿ. ಅದರ ಪಕ್ಕ ಇಡೀ ತೆಂಗಿನಕಾಯಿ. ಎಲ್ಲವೂ ಎಂಜಿನ್ನಿಗೆ ಒಂದು ಗೇಣು ದೂರದಲ್ಲಿ ತೂಗಾಡುತ್ತಿದ್ದವು.

ಆದದ್ದು ಇಷ್ಟು. ಹೊಸ ಗಾಡಿಗೆ ದೃಷ್ಟಿ ತಾಗಬಾರದು ಅಂತ ಅವ್ವ ಪಟಿಕ ಕಟ್ಟಿದರು. ಗಾಡಿ ಕುಲುಕಿದಾಗ ಅದು ಎಂಜಿನ್ನಿಗೆ ಬಡಿದು ಟಕ್ ಅಂತು. ಸದ್ದು ಬಂದದ್ದು ದೃಷ್ಟಿಯಿಂದಲೇ ಅಂತ ಚಪ್ಪಲಿ ಕಟ್ಟಿದರು. ಪಟ್ ಸೇರಿತು. ಇದು ದೊಡ್ಡ ದೃಷ್ಟಿಯೇ ಇರಬೇಕು ಅಂತ ತೆಂಗಿನಕಾಯಿಗೆ ಕೈ ಹಾಕಿದರು.

"ಅಂಗಡೀಲಿ ಇವು ಇರ್ಲೇ ಇಲ್ವಲ್ಲಮ್ಮ?" ಅಂದೆ.

ಸೂಜಿ ಅಕ್ಕ ನೆಲ ನೋಡಿಕೊಂಡು, "ನೀವು ನಗ್ತೀರಾ ಅಂತ ಬಿಚ್ಚಿ ಚೀಲಕ್ಕೆ ಹಾಕ್ಕೊಂಡು ಬರ್ತಿದ್ದೆ" ಅಂದಳು.

ಅವ್ವನಿಗೆ ನಿಧಾನವಾಗಿ ವಿವರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, ಮೂರನ್ನೂ ಬಿಚ್ಚಿ ಕೈಗೆ ಕೊಟ್ಟರು.

"ಸದ್ದು ನಿಲ್ಲಲಿ ಅಂತ ಕಟ್ಟಿದ್ದು ಕಣಪ್ಪ, ಅದೇ ಸದ್ದು ಮಾಡಿದ್ರೆ ನಾನೇನು ಮಾಡ್ಲಿ? ಹೋಗ್ಲಿ ಬುಡು, ನಿಂಬೆಹಣ್ಣು ಕಟ್ತೀನಿ. ಅದು ಮೆತ್ತಗೈತೆ."

೩. ಕೂಂ

ಎಂಟನೇ ದಿನದ ಸದ್ದು ಹೊಸ ಜಾತಿಯದು. ಪಾವಗಡದ ಕಡೆಗೆ ಹೋಗುವಾಗ ಇಲ್ಲ, ಮನೆಗೆ ಬರುವಾಗ ಮಾತ್ರ ಕೂಂ ಅಂತ ಒಂದೇ ಸಮ.

ಇದು ನನಗೆ ಸುಲಭವಾಗಿ ಕಂಡಿತು. ಬರುವ ಹೊತ್ತಿಗೆ ಎಂಜಿನ್ ಕಾದಿರುತ್ತದೆ, ಕಾದ ಮೇಲೆ ಬೇರಿಂಗ್ ಅಳುತ್ತದೆ. ಮಧುಗಿರಿಗೆ ಫೋನು ಮಾಡಿ ಬಸ್ ಕಂಡಕ್ಟರ್ ಕೈಲಿ ಬೇರಿಂಗ್ ತರಿಸಿದೆ. ಆತ ಕೊಡುವುದನ್ನು ಮರೆತು ಜೇಬಿನಲ್ಲೇ ಇಟ್ಟುಕೊಂಡು ಪಾವಗಡಕ್ಕೆ ಹೋಗಿ ಬಂದ. ಅದನ್ನು ಹಾಕಿ, ಈ ಸಲ ಬುದ್ಧಿವಂತನಾಗಿ ನನ್ನ ಬೈಕಿನಲ್ಲಿ ಆಕೆಯ ಹಿಂದೆಯೇ ಹೋದೆ. ವಾಪಸು ಬರುವಾಗ ಎದುರುಗಾಳಿ ರಪರಪ ಬೀಸುತ್ತಿತ್ತು. ಕೂಂ ಶುರುವಾಯಿತು.

"ಇಳಿಜಾರು ಬಂತು, ಎಂಜಿನ್ ಆಫ್ ಮಾಡಮ್ಮ!" ಅಂತ ಕೂಗಿದೆ. ಆಫ್ ಮಾಡಿದಳು. ಎಂಜಿನ್ ನಿಂತಿತು. ಕೂಂ ನಿಲ್ಲಲಿಲ್ಲ.

ಮುಂದಿನ ಕಂಬಿಯನ್ನು ಆಕೆಯ ತಮ್ಮ ಹಳೇ ಬೋರ್‌ವೆಲ್ ಪೈಪಿನಲ್ಲಿ ಮಾಡಿದ್ದ. ಅದರ ಬಾಯಿ ಮುಚ್ಚಿರಲಿಲ್ಲ. ಆ ವಾರ ಜೋರಾಗಿದ್ದ ಆಷಾಢದ ಗಾಳಿ ಅದರೊಳಗೆ ನುಗ್ಗಿ ಕೊಳಲೂದುತ್ತಿತ್ತು. ತಮ್ಮನಿಗೆ ಫೋನಿನಲ್ಲಿ ಬೈದೆ.

"ಮುಚ್ಚಿದ್ರೆ ಒಳಗೆ ತುಕ್ಕು ಹಿಡೀತದೆ ಉಸ್ತಾದ್. ಅದಕ್ಕೂ ಒಸಿ ಹವಾ ಬೇಕಲ್ವಾ?" ಅಂದ.

ಪಕ್ಕದ ಹೊಲದಿಂದ ಮುಸುಕಿನ ಜೋಳದ ದಿಂಡೊಂದನ್ನು ಎತ್ತಿ ಪೈಪಿನ ಬಾಯಿಗೆ ತುರುಕಿದೆ. ಸದ್ದು ನಿಂತಿತು. ಮಧುಗಿರಿ, ಪಾವಗಡ ಎರಡೂ ಊರು ನೋಡಿ ಬಂದ ಬೇರಿಂಗ್ ಮಾಡಲಾಗದ್ದನ್ನು ಅದು ಮಾಡಿತು.

೪. ಡಬಡಬ ಡಬ್ ಪಟಾರ್

ಇಷ್ಟಾದರೂ ಒಂದು ಸದ್ದು ಮೊದಲ ದಿನದಿಂದ ಹಾಗೇ ಇತ್ತು. ಅದನ್ನು ಹುಡುಕಬೇಕಾಗಿರಲಿಲ್ಲ, ಎರಡು ಮೈಲಿ ದೂರದವರಿಗೂ ಕೇಳುತ್ತಿತ್ತು. ಟ್ರ್ಯಾಕ್ಟರಿನ ಸೈಲೆನ್ಸರ್ ತುಂಡನ್ನು ಆಕೆಯ ತಮ್ಮ ಕತ್ತರಿಸಿ ಹಾಕಿದ್ದರಿಂದ ಬಂದ ಡಬಡಬ. ಮೂರು ಸಲ ಮಾನ ಹೋಗಿದ್ದ ನಾನು ಇದನ್ನಾದರೂ ಗೆಲ್ಲೋಣ ಅಂತ ಹತ್ತನೇ ದಿನ ಅದನ್ನು ಕಿತ್ತು, ಹೊಸದು ಹಾಕಿ, ಒಳಗೆ ಹತ್ತಿಯಂಥ ಪ್ಯಾಕಿಂಗು ತುಂಬಿದೆ. ಗಾಡಿ ಸ್ಟಾರ್ಟ್ ಆಗಿದೆಯೋ ಇಲ್ಲವೋ ಅಂತ ಮುಟ್ಟಿ ನೋಡಬೇಕು, ಅಷ್ಟು ಮೆತ್ತಗಾಯಿತು. ನನಗೆ ಬಹಳ ಹೆಮ್ಮೆಯಾಯಿತು. ಆಕೆಗೂ ಖುಷಿ. ಹನ್ನೊಂದು ಹಟ್ಟಿ ಮುಗಿದಿತ್ತು, ಐದು ದಿನದಲ್ಲಿ ಒಂಬತ್ತು ಬಾಕಿ.

ಮರುದಿನ ಮಧ್ಯಾಹ್ನ ಐಸ್ ಪೆಟ್ಟಿಗೆಯಲ್ಲಿ ಅರ್ಧ ನೀರು ಮಾಡಿಕೊಂಡು ವಾಪಸು ಬಂದಳು. ಒಂದು ಕುರಿಗೂ ಚುಚ್ಚಿರಲಿಲ್ಲ.

"ಹಟ್ಟೀಲೆಲ್ಲ ಕುರಿ ರೊಪ್ಪ ಖಾಲಿ ಕಣಣ್ಣ. ಕುರಿ ಎಲ್ಲಾ ಬೆಟ್ಟ ಹತ್ತಿದ್ವು. ಯಾಕ್ರೋ ಬುಟ್ರಿ ಅಂದ್ರೆ, 'ಸದ್ದೇ ಕೇಳ್ಲಿಲ್ಲ, ನೀನು ಬರಾಕಿಲ್ಲ ಅಂದ್ಕೊಂಡ್ವಿ' ಅಂತವ್ರೆ."

ಆಮೇಲೆ ತಿಳಿಯಿತು. ಬೆಟ್ಟಗಳ ನಡುವೆ ಫೋನು ಸಿಗುವುದಿಲ್ಲ. ಕುರಿಗಾರರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಬೆಳಗ್ಗೆ ಡಬಡಬ ಕೇಳಿದರೆ ರೊಪ್ಪದ ಬಾಗಿಲು ತೆಗೆಯದೆ ಕಾಯುತ್ತಿದ್ದರು. ಒಂದು ಹಟ್ಟಿ ಮುಗಿಯುವವರೆಗೆ ಮುಂದಿನ ಎರಡು ಹಟ್ಟಿಯವರೂ ಕುರಿ ತಡೆದು ನಿಲ್ಲಿಸುತ್ತಿದ್ದರು. ಇದು ಆಕೆಗೂ ಗೊತ್ತಿರಲಿಲ್ಲ.

"ಆ ಸದ್ದು ವಾಪಸ್ ಹಾಕ್ಕೊಡಿ" ಅಂದಳು. ಆಕೆಯ ಕೆಲಸಕ್ಕೆ ನಾನೇ ಕೈಯಾರೆ ಕಲ್ಲು ಹಾಕಿದೆನಲ್ಲ ಅಂತ ನನಗೆ ನಾಚಿಕೆಯಾಯಿತು.

ಹಳೇ ಸೈಲೆನ್ಸರ್ ಹಾಕೋಣ ಅಂದರೆ, ತಮ್ಮ ಅದನ್ನು ಆಗಲೇ ಅವ್ವನ ಬಚ್ಚಲು ಒಲೆಗೆ ಹೊಗೆ ಕೊಳವೆ ಮಾಡಿಬಿಟ್ಟಿದ್ದ. ಕೇಳಲು ಹೋದರೆ ಅವ್ವ, "ಹೊಗೆ ಚೆಂದಾಗಿ ಹೋಗ್ತೈತೆ, ನಾನು ಕೊಡಾಕಿಲ್ಲ" ಅಂತ ಒಲೆಗೆ ಅಡ್ಡ ನಿಂತರು. ಸರಿ, ಹನ್ನೆರಡನೇ ದಿನ ಸಂಜೆ ಡ್ರಿಲ್ಲು ತೆಗೆದುಕೊಂಡು ಐ.ಡಿ.ಹಳ್ಳಿ ಕಡೆಯ ಒಂದು ಹಟ್ಟಿಗೆ ಹೋದೆವು. ಅಲ್ಲಿನ ಕುರಿಗಳಿಗೆ ಮೊದಲ ವಾರವೇ ಲಸಿಕೆ ಆಗಿತ್ತು. ಜನಕ್ಕೆ ಆ ಸದ್ದು ಚೆನ್ನಾಗಿ ಗೊತ್ತಿತ್ತು, ಅದೇ ಹೌದೋ ಅಲ್ಲವೋ ಹೇಳಬಲ್ಲರು. ಕುರಿಗಳು ಆಗತಾನೆ ರೊಪ್ಪ ಸೇರಿ ನೆಮ್ಮದಿಯಾಗಿ ಮೆಲುಕು ಹಾಕುತ್ತಿದ್ದವು.

ಹೊಸ ಸೈಲೆನ್ಸರಿಗೆ ಒಂದು ತೂತು ಕೊರೆದು ಸ್ಟಾರ್ಟ್ ಮಾಡಿದೆ. ಪುಸ್ ಅಂತು.

"ಇದಲ್ಲ" ಅಂದ ಒಬ್ಬ. "ಅದು ಡಬ್ ಡಬ್ ಡಬ್."

"ಲೇ, ಡಬ್ ಅಲ್ಲ ಕಣ್ಲಾ, ದಡ್ ದಡ್" ಅಂದ ಇನ್ನೊಬ್ಬ.

ಪಾವಗಡ ಕಡೆಯ, ತೆಲುಗು ಮಾತಿನ ಮುದುಕನೊಬ್ಬ ಇಬ್ಬರನ್ನೂ ಸರಿಸಿ ಮುಂದೆ ಬಂದ. "ಲೇದು ಸಾಮೀ, ಅದಿ ಕಾದು. ಮೊದ್ಲು ಗುಡುಗುಡು, ಆಮೇಲೆ ಪಟಾರ್!" ಅಂತ ಕೆನ್ನೆ ಉಬ್ಬಿಸಿ ಮಾಡಿ ತೋರಿಸಿದ. ಎರಡನೇ ತೂತು ಕೊರೆದೆ. ಮೂರನೆಯದೂ ಆಯಿತು. ಪ್ರತಿ ಸಲವೂ ಜಗಳ. ಎಂಟು ಜನ ಎಂಟು ಥರ ಬಾಯಲ್ಲಿ ಗಾಡಿ ಓಡಿಸುತ್ತಿದ್ದರು. ನನಗೆ ಯಾರನ್ನು ನಂಬಬೇಕೋ ತಿಳಿಯಲಿಲ್ಲ. ಸೂಜಿ ಅಕ್ಕ ಬಂಡೆ ಮೇಲೆ ಕೂತು ಕೈ ಹಿಸುಕಿಕೊಳ್ಳುತ್ತಿದ್ದಳು.

ಕೊನೆಗೆ ಸಿಟ್ಟು ನೆತ್ತಿಗೇರಿ ಪ್ಯಾಕಿಂಗನ್ನೆಲ್ಲ ಎಳೆದು ಬಿಸಾಡಿ, ನಾಲ್ಕನೇ ತೂತು ದೊಡ್ಡದಾಗಿ ಕೊರೆದು, ಸ್ಟಾರ್ಟ್ ಮಾಡಿದೆ.

ಡಬಡಬ ಡಬ್ ಪಟಾರ್!

ಅಲ್ಲಿಯವರೆಗೂ ಮೆಲುಕು ಹಾಕುತ್ತಿದ್ದ ನೂರೈವತ್ತು ಕುರಿಯೂ ಒಟ್ಟಿಗೇ ಎದ್ದು, ಹಿಂಭಾಗವನ್ನು ಗೋಡೆಗೆ ಒತ್ತಿಕೊಂಡು, ರೊಪ್ಪದ ಒಂದೇ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದವು. ಸೂಜಿಯ ನೆನಪು ಅವಕ್ಕಿನ್ನೂ ಆರಿರಲಿಲ್ಲ.

"ಅದೇ! ಅದೇ!" ಅಂತ ಎಂಟೂ ಜನ ಒಂದೇ ಬಾಯಲ್ಲಿ ಕೂಗಿದರು. ಮುದುಕ ನನ್ನ ಬೆನ್ನಿಗೆ ಗುದ್ದಿದ. ಸೂಜಿ ಅಕ್ಕ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ಮುಂದಿನ ಮೂರು ದಿನ, ದಿನಕ್ಕೆ ಮೂರು ಹಟ್ಟಿ. ಗಾಡಿ ಎಲ್ಲಾದರೂ ನಿಂತೀತು ಅಂತ ನಾನೂ ಅಂಗಡಿ ಮುಚ್ಚಿ ಆಕೆಯ ಹಿಂದೆ ನನ್ನ ಬೈಕಿನಲ್ಲಿ ಸುತ್ತಿದೆ. ಎಲ್ಲಿ ಹೋದರೂ ರೊಪ್ಪದ ಬಾಗಿಲು ಮುಚ್ಚಿತ್ತು, ಕುರಿ ತುಂಬಿತ್ತು. ಹದಿನೈದನೇ ದಿನ ಇಪ್ಪತ್ತನೇ ಹಟ್ಟಿಯ ಕೊನೇ ಕುರಿಗೆ ಚುಚ್ಚಿದಾಗ ಪೆಟ್ಟಿಗೆಯಲ್ಲಿ ಇನ್ನೂ ಐಸ್ ಇತ್ತು. ದಿಣ್ಣೆ ಹತ್ತಿ ಫೋನು ಸಿಕ್ಕ ಕೂಡಲೇ ಆಕೆ ಡಾಕ್ಟರಿಗೆ ಹೇಳಿದಳು. ಮುಂದಿನ ಸುತ್ತೂ ನಿನಗೇ ಅಂದರಂತೆ. ನನಗೆ ನನ್ನ ಮಗಳೇ ಪಾಸಾದಷ್ಟು ಸಂತೋಷವಾಯಿತು.

ಹೊರಡಲು ಗಾಡಿ ಸ್ಟಾರ್ಟ್ ಮಾಡಿದಳು. ಮಗಳ ಮನೆಗೆ ಅಂತ ಆ ಹಟ್ಟಿಗೆ ಬಂದಿದ್ದ ಅಜ್ಜಿಯೊಬ್ಬಳು ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಬಂದು, ನನ್ನ ಎಣ್ಣೆ ಕೈ ನೋಡಿ ರೇಗಿದಳು.

"ಏನಪ್ಪಾ, ನೋಡಿದ್ರೆ ಮೆಕ್ಯಾನಿಕ್ ಇದ್ದಂಗಿದ್ದೀಯ. ಆ ಹೆಣ್ಮಗಳ ಗಾಡಿ ಇಂಗೆ ಬಡ್ಕೊಂತೈತೆ, ಒಸಿ ರಿಪೇರಿ ಮಾಡ್ಬಾರ್ದಾ?"

ನಾನು ಎದೆ ಸೆಟೆಸಿ ಹೇಳಿದೆ: "ರಿಪೇರಿ ಮಾಡಿದ್ಮೇಲೇ ಅಜ್ಜಿ ಇಂಗೆ ಬಡ್ಕೊಂತಿರೋದು!"