ರಾಹುಕಾಲಕ್ಕೆ ಮೊದಲು ಒಂದು ಸಾಲು

ನೀವು ನಂಬಲ್ಲ ಅಂತ ನನಗೆ ಗೊತ್ತು. ನಂಬಬೇಡಿ, ನೋಡೇ ಬಿಡೋಣ! ನಾನು ಕಾಲಿಟ್ಟ ಕಡೆಯಲ್ಲೆಲ್ಲ ಇಂಥದ್ದು ಏನಾದರೂ ಆಗಿಯೇ ಆಗುತ್ತದೆ. ಮಾಗಡಿ ಕಡೆಯ ಹಳ್ಳಿಯವನು ನಾನು. ಸಂಜೆ ವಿಶ್ವೇಶ್ವರಪುರಂನ ತಿಂಡಿ ಬೀದಿಯಲ್ಲಿ ದೋಸೆ ಹುಯ್ಯುತ್ತೇನೆ. ನನ್ನ ದೋಸೆಗೆ ಜನ ನಡುರಸ್ತೆವರೆಗೂ ಸಾಲು ನಿಲ್ಲುತ್ತಾರೆ. ಇರುವುದು ಎನ್.ಆರ್. ಕಾಲೋನಿಯ ಹಳೇ ಮನೆಯೊಂದರ ಮಹಡಿ ರೂಮಿನಲ್ಲಿ. ಕೆಳಗೆ ಓನರ್ ಅಕ್ಕ, ನಾವೆಲ್ಲ ಅಜ್ಜಿ ಅನ್ನುವ ಅವರ ಅತ್ತೆ, ಮೂರು ಮಕ್ಕಳು. ಹದಿಮೂರರ ಹುಡುಗಿ, ಒಂಬತ್ತರ ಹುಡುಗ, ಐದರ ಪುಟ್ಟಿ. ಮೂವರನ್ನೂ ಸ್ಕೂಲು ಬಿಡಿಸಿ ಮನೆಯಲ್ಲೇ ಓದಿಸುತ್ತಿದ್ದರು.

ಮೀಸೆ ಪಣ

ಒಂದು ಬೆಳಗ್ಗೆ ಅಕ್ಕ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದರು.

"ದೊಡ್ಡವಳಿಗೆ ಹೇಳ್ಕೊಡೋಷ್ಟರಲ್ಲಿ ಇವನು ಕಾಂಪೌಂಡ್ ಹತ್ತಿರ್ತಾನೆ. ಇವನನ್ನ ಇಳಿಸೋಷ್ಟರಲ್ಲಿ ಪುಟ್ಟಿ ಅವಳ ಪುಸ್ತಕ ಹರಿದಿರ್ತಾಳೆ. ಇದೊಂದು ತಿಂಗಳು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಮೂವರೂ ವಾಪಸ್ ಸ್ಕೂಲಿಗೆ."

ಮಕ್ಕಳ ಮುಖ ಬಾಡಿತು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ನಲವತ್ತು ಕುರಿನ ಒಂದೇ ಸಿಳ್ಳೆಗೆ ಸಾಲಾಗಿ ನಡೆಸಿದೋನು ನಾನು. ತಿಂಗಳಲ್ಲಿ ದಾರಿಗೆ ತರ್ತೀನಿ. ಸೋತ್ರೆ ಈ ಮೀಸೆ ಬೋಳಿಸ್ತೀನಿ. ಗೆದ್ರೆ ದಿನಾ ಮಧ್ಯಾಹ್ನ ನಿಮ್ಮನೇಲೇ ಊಟ."

ಅಡುಗೆಮನೆಯಿಂದ ಅಜ್ಜಿ ಕೂಗಿದರು: "ಮೀಸೆ ಇವತ್ತೇ ತೆಗೆಸ್ಬಿಡಪ್ಪ. ಸುಮ್ನೆ ತಿಂಗಳು ಯಾಕೆ ಕಾಯ್ತೀಯ?"

ರಾಹು ಹಿಡಿದ ಗಣಿತ

ಗೋಡೆಗೆ ಟೈಮ್‌ಟೇಬಲ್ ಅಂಟಿಸಿದೆ. ಸೋಮವಾರ ಎಂಟಕ್ಕೆ ಗಣಿತ.

"ಅಜ್ಜೀ, ಏಳೂವರೆಯಿಂದ ಒಂಬತ್ತು ರಾಹುಕಾಲ!" ಎಂದ ಹುಡುಗ.

ಅಜ್ಜಿ ಸೌಟು ಹಿಡಿದೇ ಬಂದರು. "ಹೊಸ ಲೆಕ್ಕ ರಾಹುಕಾಲದಲ್ಲಿ ಶುರು ಮಾಡ್ತಾರೇನಯ್ಯಾ?"

ಶುಕ್ರವಾರ ಹನ್ನೊಂದಕ್ಕೆ ಇಟ್ಟೆ. ರಾಹುಕಾಲ. ಬುಧವಾರ ಹನ್ನೆರಡಕ್ಕೆ ತಳ್ಳಿದೆ. ಅಲ್ಲೂ ರಾಹು ಕೂತಿದ್ದ. ಏಳರ ಮಗ್ಗಿ ಬಾರದ ಹುಡುಗ ಏಳು ದಿನದ ರಾಹುಕಾಲ ಬಾಯಿಪಾಠ ಮಾಡಿಕೊಂಡಿದ್ದ!

ನಾನೇನು ಕಮ್ಮಿಯೇ? "ಅಜ್ಜೀ, ಊರಿಗೆ ಹೊರಡೋ ಗಳಿಗೆ ಕೆಟ್ಟದಿದ್ರೆ ಏನ್ ಮಾಡ್ತೀರ?"

"ಪರಸ್ಥಾನ ಇಡ್ತೀವಿ. ಒಳ್ಳೇ ಗಳಿಗೆಯಲ್ಲೇ ಚೀಲ ಪಕ್ಕದ ಮನೇಲಿ ಇಟ್ಟುಬಿಟ್ರೆ ಹೊರಟ ಹಾಗೇ ಲೆಕ್ಕ."

"ಗಣಿತಕ್ಕೂ ಹಂಗೇ ಮಾಡೋಣ. ದಿನಾ ಬೆಳಗ್ಗೆ ಏಳಕ್ಕೆ, ರಾಹು ಬರೋ ಮುಂಚೆ, ಎಲ್ಲ ಪುಸ್ತಕದಲ್ಲೂ ಒಂದೊಂದು ಸಾಲು ಬರೆದಿಡ್ಲಿ. ಆಮೇಲೆ ಯಾವಾಗ ಮಾಡಿದ್ರೂ ಅದು ಮುಂದುವರಿಸೋದು, ಶುರು ಮಾಡೋದಲ್ಲ."

ಅಜ್ಜಿ ಸೌಟು ಇಳಿಸಿದರು. "ಶಾಸ್ತ್ರಕ್ಕೆ ಸರಿಯಾಗಿದೆ."

ಹುಡುಗ ಗಾಬರಿಯಿಂದ ಕೇಳಿದ: "ಮಾಮ, ನಿಮ್ಮೂರಿಂದ ನಿಮ್ಮಂಥೋರು ಇನ್ನೂ ಯಾರಾದ್ರೂ ಬರೋರಿದಾರಾ?"

ಪುಟ್ಟಿಗೊಬ್ಬ ಶಿಷ್ಯ

ಮುಂದಿನ ಉಪಾಯವೂ ನನ್ನದೇ. ದೊಡ್ಡವಳು ತಮ್ಮನಿಗೆ ಹೇಳಿಕೊಡುವುದು, ತಮ್ಮ ಪುಟ್ಟಿಗೆ. ಬಾವಿಯಿಂದ ಕೈಯಿಂದ ಕೈಗೆ ಕೊಡ ದಾಟಿಸಿದ ಹಾಗೆ. ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೇ ದಿನ ಪುಟ್ಟಿ ನೆಲಕ್ಕೆ ಬಿದ್ದು ಹೊರಳಾಡಿದಳು. "ಎಲ್ರಿಗೂ ಸ್ಟೂಡೆಂಟ್ ಇದಾರೆ, ನಂಗೆ ಮಾತ್ರ ಇಲ್ಲ!"

ಅವಳ ಅಳುವಿಗೆ ಉಳಿದಿಬ್ಬರೂ ಪುಸ್ತಕ ಮುಚ್ಚಿದರು. ಮೀಸೆ ಕಣ್ಮುಂದೆ ಬಂತು. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನವನು ನಾನು, ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತೆ. ಸ್ಲೇಟು ಕೈಗೆ ಬಂತು. "ಅ ಬರಿ. ದುಂಡಗೆ."

ಬರೆದೆ. ಅವಳು ಹಣೆ ಚಚ್ಚಿಕೊಂಡಳು. "ದೋಸೆ ಮಾತ್ರ ದುಂಡಗೆ ಬರತ್ತಾ?"

ಪರೀಕ್ಷೆಯ ದಿನ

ತಿಂಗಳ ಕೊನೆಯ ದಿನ ಅಕ್ಕ ಲ್ಯಾಪ್‌ಟಾಪ್ ಮುಚ್ಚಿ ನೋಡಲು ಬಂದರು. ದೊಡ್ಡವಳು ಬೀಜಗಣಿತದಲ್ಲಿ ಮುಳುಗಿದ್ದಳು. ಹುಡುಗ ಏಳರ ಮಗ್ಗಿ ಬರೆಯುತ್ತಿದ್ದ. ಮನೆ ಗಪ್‌ಚುಪ್.

"ಪುಟ್ಟಿ ಎಲ್ಲಿ?"

ಪುಟ್ಟಿ ಹಾಲ್‌ನ ಮೂಲೆಯಲ್ಲಿ ಸ್ಕೇಲು ಹಿಡಿದು ನಿಂತಿದ್ದಳು. ಅವಳೆದುರು ನಾನು, ಎರಡೂ ಕಿವಿ ಹಿಡಿದು ಬಸ್ಕಿ ಹೊಡೆಯುತ್ತಿದ್ದೆ.

"ಹೋಮ್‌ವರ್ಕ್ ಯಾಕೆ ಮಾಡ್ಲಿಲ್ಲ?"

"ನಿನ್ನೆ ಗಿರಾಕಿ ಜಾಸ್ತಿ ಮಿಸ್."

"ಸುಳ್ಳು. ಇನ್ನೂ ಹತ್ತು!"

ಅಕ್ಕ ನಕ್ಕು ನಕ್ಕು ಗೋಡೆಗೆ ಒರಗಿದರು. "ಸ್ಕೂಲಿನ ಮಾತೇ ಬೇಡ. ಗೆದ್ದೆ ಕಣಪ್ಪಾ, ಬಾ ಊಟಕ್ಕೆ."

ಅಜ್ಜಿ ಎಲೆ ಹಾಕಿದರು. ಕಿವಿ ಬಿಟ್ಟು ಓಡಿದೆ. ಹಿಂದಿನಿಂದ ಸ್ಕೇಲು ಟಪ್ಪೆಂದಿತು. "ಇನ್ನೂ ನಾಲ್ಕಿದೆ!"

ನಾಲ್ಕನ್ನೂ ಹೊಡೆದೇ ಉಂಡೆ. ಮೀಸೆ ಉಳಿಯಿತು. ಅಕ್ಕ ದಿನಾ ಮಧ್ಯಾಹ್ನ ಊಟ ಕೊಟ್ಟರು. ಪುಟ್ಟಿ ಮಿಸ್ಸು ಕಾಪಿ ಬರವಣಿಗೆಗೆ ಹತ್ತಕ್ಕೆ ಮೂರು ಕೊಟ್ಟರು.